ಬಲಗಡೆಯ ಅಂಚು

ಆ ಮನೆಯಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತಿತ್ತು: "ಬಾಯಿ ಮುಚ್ಕೊಂಡು ಹೊಲಿ." ಹೇಳುವವರು ಯಜಮಾನರು, ಹೇಳಿಸಿಕೊಳ್ಳುವವಳು ಅವರ ಹೆಂಡತಿ. ಅದೇನು ಬೈಗುಳವಲ್ಲ, ಕಸುಬಿನ ಮಾತು. ಹರಟುತ್ತ ಹೊಲಿದರೆ ತೂತಿನ ಲೆಕ್ಕ ತಪ್ಪುತ್ತದೆ, ದಾರ ಸಡಿಲ ಬೀಳುತ್ತದೆ, ಎರಡು ವರ್ಷ ತುಂಬುವುದರೊಳಗೆ ಪುಸ್ತಕದ ಹಾಳೆಗಳು ಉದುರುತ್ತವೆ. ಯಜಮಾನರದು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಪರದೆಯ ಪಕ್ಕದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತು ಹಾಳೆ ಹೊಲಿಯುತ್ತಿದ್ದವಳನ್ನು ಬೀದಿಯವರೆಲ್ಲ ಸೂಜಮ್ಮ ಎಂದೇ ಕರೆಯುತ್ತಿದ್ದರು. ಸಾವಿರಾರು ಪುಸ್ತಕ ಅವಳ ಕೈ ದಾಟಿ ಹೋಗಿದ್ದವು. ಒಂದನ್ನಾದರೂ ಮೊದಲಿಂದ ಕೊನೆಯವರೆಗೆ ಓದುವಷ್ಟು ಪುರುಸೊತ್ತು ಅವಳಿಗೆ ಸಿಕ್ಕಿರಲಿಲ್ಲ.

ಆ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಯಜಮಾನರು ವಿಶ್ವವಿದ್ಯಾಲಯದ ಲೈಬ್ರರಿಯಿಂದ ಆರು ಕಟ್ಟು ಹೊತ್ತು ತಂದು ಮೇಜಿನ ಮೇಲೆ ದೊಪ್ಪನೆ ಹಾಕಿದರು. ಊಟಕ್ಕೆ ಕೂತವರು ಅನ್ನ ಕಲಸಲಿಲ್ಲ.

"ಲೈಬ್ರರಿ ಗುಮಾಸ್ತ ಏನಂದ ಗೊತ್ತಾ?" ಎಂದರು. "ಯಾರೋ ಅರೇಬಿಕ್ ಮೇಷ್ಟ್ರಂತೆ, ತೀರ್ಕೊಂಡ್ರಂತೆ. ಅವರು ಮೂವತ್ತು ವರ್ಷ ಕೈಯಲ್ಲಿ ಬರೆದಿಟ್ಟಿದ್ದು ಇದು, ಬೇರೆ ಪ್ರತಿ ಇಲ್ಲ, ಹುಷಾರು ಅಂದ. ನನಗೆ ಆ ಬರಹ ತಿಳಿಯಲ್ವಲ್ಲಪ್ಪಾ ಅಂದೆ. 'ನಿಮಗೇನ್ರೀ ಚಿಂತೆ, ಅರೇಬಿಕ್ ಓದೋ ಮಗಳನ್ನ ಮನೇಲೇ ಇಟ್ಕೊಂಡು' ಅಂತ ನಕ್ಕ. ನಾನು ಬೆಪ್ಪುತಕ್ಕಡಿ ಹಾಗೆ ನಿಂತಿದ್ದೆ."

ಮಗಳ ಕೈಲಿದ್ದ ನೀರಿನ ಲೋಟ ಹಾಗೇ ನಿಂತಿತು. ಚಿಕ್ಕಂದಿನಲ್ಲಿ ಅಂಗಡಿಯ ಚೂರುಕಾಗದ ಸಿಕ್ಕಲ್ಲೆಲ್ಲ ಗೀಚುತ್ತಿದ್ದಳೆಂದು ಅವಳಿಗೆ ಮನೆಯಲ್ಲಿ ಗೀಚಿ ಎಂದೇ ಹೆಸರು ಬಿದ್ದಿತ್ತು. ಈಗ ಇಪ್ಪತ್ತು ವರ್ಷ, ಪದವಿಯ ಎರಡು ವರ್ಷ ಮುಗಿದಿತ್ತು. ಮುಖ್ಯ ವಿಷಯ ಅರ್ಥಶಾಸ್ತ್ರ. ಅದರ ಜೊತೆಗೆ ಮೈನರ್ ಅಂತ ಇನ್ನೊಂದು ವಿಷಯ ಆರಿಸಿಕೊಳ್ಳಬೇಕು. ಅದು ವ್ಯಾಪಾರ ನಿರ್ವಹಣೆ ಎಂದು ಯಜಮಾನರು ತಿಳಿದಿದ್ದರು. ತಿಳಿದಿದ್ದಷ್ಟೇ ಅಲ್ಲ, ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬೀಗಿದ್ದರು. ನನ್ನ ನಂತರ ಅಂಗಡಿಗೆ ಮಗಳು ಬರ್ತಾಳೆ, ಕಂಪ್ಯೂಟರ್ ಗಿಂಪ್ಯೂಟರ್ ಎಲ್ಲ ತರ್ತಾಳೆ ಎಂದು.

"ಎಷ್ಟು ದಿನದಿಂದ?" ಎಂದು ಕೇಳಿದರು.

"ಎರಡು ವರ್ಷ ಅಪ್ಪ. ಅರೇಬಿಕ್ ಭಾಷೆ ಮತ್ತೆ ಸಂಸ್ಕೃತಿ. ಇನ್ನೊಂದು ವರ್ಷ ಇದೆ."

"ಫಾರಂ ಮೇಲೆ ಪೋಷಕರ ಸಹಿ ಬೇಕಲ್ಲ. ಯಾರು ಹಾಕಿದ್ದು?"

ಸೂಜಮ್ಮ ಕೈಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಎರಡು ವರ್ಷದ ಹಿಂದೆ, ಇದೇ ಮೇಜಿನ ಮೇಲೆ, ಆಲೂಗಡ್ಡೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು ಸಹಿ ಹಾಕಿದವಳು ಅವಳೇ. ಬಾಯಿ ತೆರೆಯುವಷ್ಟರಲ್ಲಿ ಗೀಚಿ ಹೇಳಿಬಿಟ್ಟಳು.

"ನಾನೇ ಹಾಕ್ದೆ. ನಿಮ್ಮ ಸಹಿ."

"ಕಳ್ಳ ಸಹಿ."

"ಹೂಂ."

ಯಜಮಾನರು ತಟ್ಟೆ ತಳ್ಳಿ ಎದ್ದರು. ಅವರ ತಾಯಿ, ಎಂಬತ್ತರ ಅಜ್ಜಿ, "ಅನ್ನದ ಮೇಲೆ ಯಾಕೋ ಕೋಪ? ಉಂಡು ಬೈಯಿ, ಬೈಯೋಕೂ ಶಕ್ತಿ ಬೇಕು" ಎಂದರು.

ಮರುದಿನವೇ ಯಜಮಾನರು ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಮೈನರ್ ವಿಷಯ ಬದಲಿಸುವ ಫಾರಂ ತಂದರು. ಕೊನೆಯ ದಿನ ಇಪ್ಪತ್ತೆಂಟು, ಸಂಜೆ ನಾಲ್ಕರೊಳಗೆ. ಎಲ್ಲವನ್ನೂ ತಾವೇ ತುಂಬಿದರು, ಪೋಷಕರ ಜಾಗದಲ್ಲಿ ಸಹಿ ಜಡಿದರು. ವಿದ್ಯಾರ್ಥಿಯ ಸಹಿಯ ಜಾಗ ಮಾತ್ರ ಖಾಲಿ. ಅದನ್ನು ಅಂಗಡಿಯ ಗೋಡೆಯ ಮೊಳೆಗೆ ಸಿಕ್ಕಿಸಿದರು.

"ಅಲ್ಲಿ ನಿನ್ನ ಸಹಿ ಬೀಳ್ಬೇಕು. ನಿನ್ನದೇ ಸಹಿ," ಎಂದರು. "ಬೀಳ್ಲಿಲ್ಲ ಅಂದ್ರೆ ಮುಂದಿನ ವರ್ಷ ಕಾಲೇಜು ಮರ್ತುಬಿಡು. ಅಲ್ಲಿವರೆಗೂ ನೀನು ಅಂಗಡಿ ಒಳಗೆ ಕಾಲಿಡ್ಬೇಡ."

"ಅಪ್ಪ, ಒಂದು ವರ್ಷ ಅಷ್ಟೇ ಉಳ್ದಿರೋದು."

"ಓದಿ ಏನ್ಮಾಡ್ತೀಯ ಅದನ್ನ?"

"ಓದಿದ್ಮೇಲೆ ಗೊತ್ತಾಗುತ್ತೆ."

"ನಾನು ರಟ್ಟು ಕುಯ್ಯೋಕೆ ಮುಂಚೆ ಅಳತೆ ಹಾಕ್ತೀನಿ. ಕುಯ್ದಮೇಲಲ್ಲ."

ಅಲ್ಲಿಗೆ ಮಾತು ಮುಗಿಯಿತು. ಮುಗಿದದ್ದು ಸುಮಾರು ಮೂರು ವಾರ ಮತ್ತೆ ಶುರುವಾಗಲೇ ಇಲ್ಲ. ಗೀಚಿ ಅಡುಗೆಮನೆಯ ಸಿಂಕಿನ ಪಕ್ಕ ನಿಂತೇ ಉಣ್ಣುತ್ತಿದ್ದಳು, ತಟ್ಟೆ ತೊಳೆದಿಟ್ಟು ಹೊರಡುತ್ತಿದ್ದಳು. ಅಪ್ಪನಿಗೆ ಹೇಳಬೇಕಾದ್ದನ್ನು ಅಜ್ಜಿಗೆ ಹೇಳುತ್ತಿದ್ದಳು, ಅಜ್ಜಿ ಪರದೆ ಸರಿಸಿ ಮಗನಿಗೆ ದಾಟಿಸುತ್ತಿದ್ದರು. "ನಾಳೆ ಬರೋದು ತಡ ಅಂತೆ ಕಣೋ." "ಆಗ್ಲಿ ಅನ್ನು." "ಆಗ್ಲಿ ಅಂತೆ ಕಣೇ." ಮನೆಯಲ್ಲಿ ಚಹಾದ ಲೋಟ ಇಡುವ ಸದ್ದೂ ಕೆನ್ನೆಗೆ ಹೊಡೆದ ಹಾಗೆ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಸೂಜಮ್ಮ ಮಗಳಿಗೆ ಮೆಲ್ಲಗೆ ಹೇಳಿದಳು, "ನಾನು ಹೇಳ್ಬಿಡ್ತೀನಿ ಕಣೇ. ಸಹಿ ನಂದು ಅಂತ."

"ಬೇಡಮ್ಮ. ನಾನು ಬೈಸ್ಕೊಂಡಾಯ್ತು. ಇಬ್ರೂ ಯಾಕೆ ಬೈಸ್ಕೋಬೇಕು? ಅವರು ನಿನ್ನ ಪಕ್ಕದಲ್ಲಿ ದಿನಾ ಎಂಟು ಗಂಟೆ ಕೂತಿರ್ತಾರೆ. ನಾನಾದ್ರೆ ಕಾಲೇಜಿಗೆ ಓಡ್ತೀನಿ."

"ನಿನ್ನ ಓದು ನಿಂತ್ರೆ?"

ಗೀಚಿ ಒಂದು ಕಾಯಿ ಸುಲಿದಳು. "ನಿಂತ್ರೆ ನಿಲ್ಲುತ್ತೆ. ಆ ಸಹಿ ಮಾತ್ರ ನಾನು ಹಾಕಲ್ಲ," ಎಂದಳು. ಆಮೇಲೆ ಬೇರೆ ದನಿಯಲ್ಲಿ ಕೇಳಿದಳು, "ಅಮ್ಮ, ಆ ಕಟ್ಟುಗಳು ನಮ್ಮ ಮೇಡಂಗೆ ಪಾಠ ಹೇಳ್ಕೊಟ್ಟ ಮೇಷ್ಟ್ರದು. ಅರಬ್ ದೇಶದಲ್ಲಿ ಹಳ್ಳಿ ಹಳ್ಳಿ ಸುತ್ತಿ ಮುದುಕಿಯರು ಹೇಳಿದ ಕಥೆ, ಬೀಸೋವಾಗ ಹೇಳ್ಕೊಳ್ಳೋ ಹಾಡು ಎಲ್ಲಾ ಬರ್ಕೊಂಡಿದ್ದಾರಂತೆ. ಚೆನ್ನಾಗಿ ಹೊಲೀತಿದ್ದೀಯ ತಾನೆ?"

"ಹೊಲೀತಿದ್ದೀನಿ," ಎಂದಳು ಸೂಜಮ್ಮ. ಬಟಾಣಿ ಬುಟ್ಟಿ ಎತ್ತಿಕೊಂಡು ಒಳಗೆ ನಡೆದಳು. ಮಗಳ ಮುಖ ನೋಡುವುದು ಅವಳಿಂದಾಗಲಿಲ್ಲ.

ಯಾಕೆಂದರೆ ಆ ಹೊತ್ತಿಗಾಗಲೇ ಮೂರು ಕಟ್ಟು ತಪ್ಪು ಕಡೆಗೆ ಹೊಲಿದಾಗಿತ್ತು.

ಅದು ನಡೆದದ್ದು ಹೀಗೆ. ಯಜಮಾನರು ಮೊದಲ ಕಟ್ಟು ಬಿಚ್ಚಿ, ಹಾಳೆಗಳನ್ನು ತಟ್ಟಿ ಸಮ ಮಾಡಿ, ಕನ್ನಡಕ ಮೇಲೇರಿಸಿ ನೋಡಿದರು. ಹಾಳೆಯ ಬಲಗಡೆ ಎರಡು ಬೆರಳಗಲ ಖಾಲಿ ಅಂಚು, ಅದರಲ್ಲಿ ಅಲ್ಲಲ್ಲಿ ಕೆಂಪು ಶಾಯಿಯ ಸಣ್ಣ ಬರಹ. ಎಡಗಡೆ ಉಗುರಿನಷ್ಟೇ ಜಾಗ. "ಮೂವತ್ತು ವರ್ಷ ಬರೆದ್ರಂತೆ, ಯಾವ ಕಡೆ ಅಂಚು ಬಿಡ್ಬೇಕು ಅನ್ನೋದು ತಿಳೀಲಿಲ್ಲ," ಎಂದು ಗೊಣಗಿ, ಇಷ್ಟು ವರ್ಷ ಎಲ್ಲ ಪುಸ್ತಕಕ್ಕೂ ಮಾಡಿದಂತೆ ಎಡಗಡೆಗೇ ದಬ್ಬಳದಿಂದ ತೂತು ಹೊಡೆದು ಹೆಂಡತಿಯ ಮುಂದೆ ತಳ್ಳಿದರು.

ಸೂಜಮ್ಮನಿಗೆ ಕಂಡಿತು. ಗೀಚಿಯ ನೋಟುಪುಸ್ತಕಗಳನ್ನು ಎರಡು ವರ್ಷದಿಂದ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟವಳು ಅವಳೇ. ನಾವು ಕೊನೆಯ ಪುಟ ಅನ್ನುವಲ್ಲಿ ಅವು ಶುರುವಾಗುತ್ತವೆ, ಹೊಲಿಯುವ ಬೆನ್ನು ಬಲಗಡೆ ಇರುತ್ತದೆ, ಅಂಚೂ ಬಲಗಡೆಯೇ. ಮೇಷ್ಟ್ರು ಸರಿಯಾಗಿಯೇ ಬಿಟ್ಟಿದ್ದರು. ಹೇಳಲು ನಾಲಗೆ ತುದಿಗೆ ಬಂತು. ಹೇಳಿದರೆ ಮುಂದಿನ ಪ್ರಶ್ನೆ ಒಂದೇ: ನಿನಗೆ ಹೇಗೆ ಗೊತ್ತು?

"ರೀ, ಇದು..." ಎಂದಳು.

"ಏನು?"

"ದಾರ ಸಣ್ಣದಾಯ್ತೇನೋ ಅಂತ."

"ದಾರ ಸರಿ ಇದೆ. ಬಾಯಿ ಮುಚ್ಕೊಂಡು ಹೊಲಿ."

ಹೊಲಿದಳು. ಉಗುರಿನಷ್ಟು ಜಾಗದಲ್ಲಿ ಸೂಜಿ ಇಳಿಯುವಾಗ ಸಾಲಿನ ತುದಿಯ ಅಕ್ಷರಗಳ ಪಕ್ಕದಲ್ಲೇ ಇಳಿಯುತ್ತಿತ್ತು. ಹೊಲಿಗೆ ತಾನೆ, ಬಿಚ್ಚಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ಆ ನಾಳೆ ಬರದೆ ಆರೂ ಕಟ್ಟು ಹೊಲಿದು ಮುಗಿದವು. ಅವಳಿಗೆ ಅನ್ನ ಸೇರುವುದು ನಿಂತಿತು. "ಏನೇ ನಿನಗೆ, ಮೈ ಸರಿಯಿಲ್ವಾ?" ಎಂದು ಅತ್ತೆ ಕೇಳಿದರೆ, "ಸೆಖೆ" ಎಂದಳು. ಹೊರಗೆ ತಣ್ಣನೆ ಗಾಳಿ ಬೀಸುತ್ತಿತ್ತು.

ಇಪ್ಪತ್ತಾರನೆಯ ತಾರೀಕು ಬೆಳಿಗ್ಗೆ ತರಕಾರಿ ತಂದು ಪರದೆ ಸರಿಸಿದವಳಿಗೆ ಕಾಲ ಕೆಳಗೆ ಕಾಗದದ ಪಟ್ಟಿಗಳು ಸಿಕ್ಕಿದವು. ಎರಡು ಬೆರಳಗಲದ ಪಟ್ಟಿಗಳು, ಅಲ್ಲಲ್ಲಿ ಕೆಂಪು ಅಕ್ಷರ. ಯಜಮಾನರು ಮೊದಲ ಕಟ್ಟಿನ ಬಲಗಡೆಯನ್ನು ಬೇಡದ ಅಂಚೆಂದು ಕಟಿಂಗ್ ಮಷೀನಿಗೆ ಕೊಟ್ಟಾಗಿತ್ತು. ಅತ್ತೆ ಎಂದಿನಂತೆ ಚೀಟಿ ಬರೆಯಲಾಯಿತೆಂದು ಪಟ್ಟಿಗಳನ್ನು ಚೀಲಕ್ಕೆ ಬಾಚಿ ತುಂಬುತ್ತಿದ್ದರು. ಎರಡನೆಯ ಕಟ್ಟು ಅಲಗಿನ ಕೆಳಗೆ ಬಿಗಿದು ಕೂತಿತ್ತು, ಯಜಮಾನರ ಕೈ ಹಿಡಿಯ ಮೇಲಿತ್ತು. ಹೊಲಿಗೆ ಬಿಚ್ಚಬಹುದು. ಕತ್ತರಿಸಿದ್ದನ್ನು ಬಿಚ್ಚುವುದು ಹೇಗೆ?

"ನಿಲ್ಸಿ," ಎಂದಳು.

"ಏನೇ?"

"ಕತ್ತರಿಸ್ಬೇಡಿ. ಬೆನ್ನು ಬಲಗಡೆ ಬರ್ಬೇಕು. ನಾವು ತಿರುಗುಮುರುಗು ಕಟ್ಟಿದ್ದೀವಿ."

ಯಜಮಾನರು ಹಿಡಿ ಬಿಡಲಿಲ್ಲ. "ಯಾರು ಹೇಳಿದ್ದು? ಅವಳಾ?"

"ಅವಳಿಗೆ ಇದು ಗೊತ್ತೇ ಇಲ್ಲ. ಅವಳ ನೋಟ್‌ಬುಕ್ಕು ಎರಡು ವರ್ಷದಿಂದ ನಾನು ಎತ್ತಿಡ್ತಿದ್ದೀನಿ. ಅದ್ರಲ್ಲೆಲ್ಲ ಹಾಗೇ ಇರೋದು."

"ಎರಡು ವರ್ಷದಿಂದ."

"ಆ ಫಾರಂಗೆ ಸಹಿ ಹಾಕಿದ್ದು ನಾನು. ನನ್ನ ಹೆಸ್ರಲ್ಲೇ ಹಾಕ್ದೆ. ಅವಳು ಯಾವ ಕಳ್ಳ ಸಹಿನೂ ಹಾಕಿಲ್ಲ. ನನ್ನ ಉಳಿಸೋಕೆ ಹಾಗಂದಳು."

ಯಜಮಾನರು ಈಗ ಹಿಡಿ ಬಿಟ್ಟರು. ಬಿಗಿದ ಕಟ್ಟನ್ನು ಸಡಿಲಿಸಿ ಹೊರಗೆ ಎಳೆದರು. ಕೂಗಾಡುತ್ತಾರೆ ಎಂದುಕೊಂಡಿದ್ದವಳಿಗೆ ಅವರು ದನಿ ತಗ್ಗಿಸಿ ಕೇಳಿದ್ದು ಇನ್ನೂ ಕಷ್ಟವಾಯಿತು.

"ಹೊಲಿಯೋವಾಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಆರೂ ಕಟ್ಟು?"

"ಆರೂ."

"ಸಹಿ ಹಾಕ್ದೆ, ಅದು ಹಾಳಾಗ್ಲಿ. ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹೊಲಿದೆ. ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಹೊಲಿಗೇನ ನಾನು ಒಂದ್ಸಲನಾದ್ರೂ ತಿರುಗಿಸಿ ನೋಡಿದ್ದೀನಾ?"

ನೋಡಿರಲಿಲ್ಲ. ಬೇರೆಯವರ ಕೆಲಸವನ್ನು ಬೆಳಕಿಗೆ ಹಿಡಿದು ನೋಡುವ ಮನುಷ್ಯ, ಅವಳ ಕೆಲಸವನ್ನು ನೋಡದೆಯೇ ರಟ್ಟಿನೊಳಗೆ ಹಾಕುತ್ತಿದ್ದರು.

ಅತ್ತೆ ಚೀಲ ಕೆಳಗಿಟ್ಟರು. "ಬೈಯೋದಾದ್ರೆ ನನ್ನನ್ನೂ ಸೇರಿಸ್ಕೊಂಡು ಬೈಯಪ್ಪ. ನನಗೂ ಗೊತ್ತಿತ್ತು. ಅವಳ ಜೊತೆ ಕೂತು ನಾನು ಹತ್ತರವರೆಗೆ ಎಣಿಸೋದು ಕಲ್ತಿದ್ದೀನಿ. ವಾಹಿದ್, ಇತ್ನಾನ್, ತಲಾತಾ..."

"ಸಾಕಮ್ಮ."

"ಇನ್ನೂ ಏಳಿದೆ."

"ಸಾಕು ಅಂದೆ." ಯಜಮಾನರು ಅಂಟಿನ ಡಬ್ಬದ ಮೇಲೆ ಕುಸಿದು ಕೂತರು. "ಈ ಮನೇಲಿ ಗೊತ್ತಿಲ್ಲದೇ ಇದ್ದೋನು ನಾನೊಬ್ಬನೇ. ನಾನೇನು ಹುಲಿನಾ ಕರಡಿನಾ?"

"ಕೇಳಿದ್ರೆ ಬೇಡ ಅಂತಿದ್ರಿ," ಎಂದಳು ಸೂಜಮ್ಮ.

"ಅಂತಿದ್ದೆ. ಬೇಡ ಅನ್ನೋಕಾದ್ರೂ ಬಿಡ್ಬೇಕಿತ್ತು ನನ್ನ."

ಯಜಮಾನರು ಎದ್ದು ಅವಳ ಜಾಗಕ್ಕೆ ಹೋಗಿ, ಸೂಜಿ ಚುಚ್ಚಿಟ್ಟ ದಿಂಬು, ಮೇಣ ಹಚ್ಚಿದ ದಾರದ ಉಂಡೆ, ಎರಡನ್ನೂ ಎತ್ತಿ ತಮ್ಮ ಮೇಜಿನ ಖಾನೆಗೆ ಹಾಕಿ ಮುಚ್ಚಿದರು. "ಇನ್ಮೇಲೆ ನೀನು ಹೊಲಿಯೋದು ಬೇಡ," ಎಂದರು.

ಮಧ್ಯಾಹ್ನ ಗೀಚಿ ಬಂದಾಗ ಅವರೇ ಪರದೆ ಎತ್ತಿ ಹಿಡಿದು "ಒಳಗೆ ಬಾ" ಎಂದರು. ಇಪ್ಪತ್ತು ದಿನದ ನಂತರ ಅಂಗಡಿಗೆ ಕಾಲಿಟ್ಟವಳು ಮೇಜಿನ ಮೇಲಿನ ಕಟ್ಟು ನೋಡಿದಳು, ಚೀಲದ ಪಟ್ಟಿಗಳನ್ನು ನೋಡಿದಳು. ಒಂದು ಪಟ್ಟಿ ತೆಗೆದು ಕೆಂಪು ಬರಹ ಓದಿದಳು.

"ಈ ಹಾಡು ಹೇಳಿದವಳ ಹೆಸರು ಇದು," ಎಂದಳು. "ಯಾವ ಊರು, ಎಷ್ಟು ವಯಸ್ಸು, ಎಲ್ಲಾ ಅಂಚಲ್ಲೇ ಬರೆದಿದ್ದಾರೆ. ಯಾರಪ್ಪ ಕತ್ತರಿಸಿದ್ದು?"

"ನಾನು," ಎಂದರು ಯಜಮಾನರು. "ನಿನ್ನ ಕೇಳು ಅಂತ ಆ ಗುಮಾಸ್ತ ಹೇಳಿದ್ದ. ನಾನು ಕೇಳ್ಲಿಲ್ಲ."

"ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ," ಎಂದಳು ಸೂಜಮ್ಮ.

ಗೀಚಿ ತಾಯಿಯ ಕಡೆ ತಿರುಗಿದಳು. "ಮೊನ್ನೆ ಬಟಾಣಿ ಸುಲಿಯೋವಾಗ ಕೇಳ್ದೆನಲ್ಲ ನಿನ್ನ."

"ಕೇಳಿದ್ದೆ."

"ಆಗ್ಲೂ ಹೇಳ್ಲಿಲ್ಲ." ಅವಳ ಕಣ್ಣು ತುಂಬಿತು. ಆ ಮೇಲೆ ಅವಳು ಅಮ್ಮನ ಜೊತೆ ಮಾತಾಡಲಿಲ್ಲ. ಗಂಡ ಒಂದು ಕಡೆ, ಮಗಳು ಒಂದು ಕಡೆ, ಸೂಜಮ್ಮ ನಡುವೆ ಕೈ ಖಾಲಿ ಬಿಟ್ಟುಕೊಂಡು ನಿಂತಳು. ಮಗಳಿಗಾಗಿ ಹಾಕಿದ ಒಂದು ಸಹಿಯನ್ನು ಮುಚ್ಚಿಡಲು ಹೋಗಿ, ಆ ಮಗಳೇ ಪ್ರಾಣಕ್ಕೆ ಹಚ್ಚಿಕೊಂಡದ್ದನ್ನು ಹಾಳು ಮಾಡಿದೆನಲ್ಲ ಎಂದುಕೊಂಡಳು.

ಎರಡು ದಿನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮೊದಲ ಕಟ್ಟಿನಲ್ಲಿ ನೂರ ನಲವತ್ತು ಹಾಳೆ, ಚೀಲದಲ್ಲಿ ನೂರ ನಲವತ್ತು ಪಟ್ಟಿ. ಗೀಚಿ ಒಂದೊಂದೇ ಪಟ್ಟಿ ಓದಿ ಅದು ಯಾವ ಹಾಳೆಯದೆಂದು ಹೇಳುತ್ತಿದ್ದಳು. ಅಜ್ಜಿ ಅದನ್ನು ಹಾಳೆಯ ಪಕ್ಕ ಇಡುತ್ತಿದ್ದರು. ಯಜಮಾನರು ಜೇಡನ ಬಲೆಯಷ್ಟು ತೆಳು ಕಾಗದಕ್ಕೆ ಅಂಟು ಸವರಿ ಎರಡನ್ನೂ ಕೂಡಿಸಿ, ಭಾರ ಹೇರುತ್ತಿದ್ದರು. ಕೆಂಪು ಬರಹ ಇಲ್ಲದ ಪಟ್ಟಿಗಳನ್ನು ಕತ್ತರಿಸಿದ ಅಂಚಿನ ಸಣ್ಣ ಓರೆಕೋರೆ ನೋಡಿಯೇ ಜೋಡಿಸಬೇಕಿತ್ತು. ಸೂಜಮ್ಮ ಅಡುಗೆ ಮಾಡಿದಳು, ಚಹಾ ಕಾಸಿದಳು, ನೆಲ ಒರೆಸಿದಳು, ಮತ್ತೆ ಚಹಾ ಕಾಸಿದಳು. ಅವಳು ತಂದಿಟ್ಟದ್ದನ್ನು ಎಲ್ಲರೂ ಕುಡಿದರು, ಯಾರೂ ಅವಳ ಮುಖ ನೋಡಲಿಲ್ಲ.

ಪರದೆಯ ಆಚೆಯಿಂದ ಮಾತು ಮಾತ್ರ ಕೇಳುತ್ತಿತ್ತು.

"ಈ ಸೊನ್ನೆ ಇರೋ ಹಾಳೆ ಯಾವುದು?" ಯಜಮಾನರ ದನಿ.

"ಅದು ಸೊನ್ನೆ ಅಲ್ಲ ಅಪ್ಪ, ಐದು. ಅವರ ಸೊನ್ನೆ ಬರೀ ಚುಕ್ಕೆ."

"ಚುಕ್ಕೆನಾ? ಅಂಟು ಸಿಡಿದಿದೆ ಅಂತ ನಾನು ಒರೆಸೋಕೆ ಹೋಗಿದ್ದೆ."

"ಒರೆಸಿಲ್ಲ ತಾನೆ?"

"ಇಲ್ಲಮ್ಮ. ಇದ್ರಲ್ಲಿ ಏನ್ ಬರೆದಿದೆ?"

ಗೀಚಿ ಓದಿದಳು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸಿನ ಹಾಡು. ನನ್ನ ಕೈ ಸವೆಯಿತು, ಕಲ್ಲು ಸವೆಯಲಿಲ್ಲ, ನನ್ನ ಮಗಳಿಗೆ ಇದನ್ನು ಕಲಿಸಬೇಡಿ ಎಂದು ಅದರ ಅರ್ಥವಂತೆ. ಯಜಮಾನರು "ಹೂಂ" ಎಂದರು, ಅಷ್ಟೆ. ಪರದೆಯ ಈಚೆ ಸೂಜಮ್ಮ ಒಲೆ ಆರಿಸಿ ನಿಂತು ಕೇಳಿದಳು.

ಇಪ್ಪತ್ತೆಂಟನೆಯ ತಾರೀಕು ಬಂತು. ಫಾರಂ ಮೊಳೆಯಲ್ಲೇ ಇತ್ತು, ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ಮೊದಲ ಕಟ್ಟನ್ನು ಯಜಮಾನರು ಬೆಳಿಗ್ಗೆಯಿಂದ ತಾವೇ ಹೊಲಿದರು, ಈ ಸಲ ಬಲಗಡೆಗೆ. ಹೊಲಿಗೆ ಅವರ ಕೈಗೆ ಒಗ್ಗಿದ ಕೆಲಸವಲ್ಲ. ಎರಡು ಸಲ ದಾರ ಕಡಿಯಿತು, ಮೂರು ಸಲ ಬೆರಳಿಗೆ ಚುಚ್ಚಿತು. ಮೂರು ಗಂಟೆಗೆ ಸೂಜಮ್ಮ ಚಹಾ ತಂದಾಗ ಅವರ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ಪುಸ್ತಕ ಬೆನ್ನು ಮೇಲೆ ಮಾಡಿ ನಿಂತಿತ್ತು. ಬೆನ್ನಿಗೆ ಅಂಟಿಸಲು ಗಟ್ಟಿ ಕಾಗದದ ಪಟ್ಟಿ ಬೇಕು. ಯಜಮಾನರು ಅತ್ತಿತ್ತ ಕಣ್ಣಾಡಿಸಿದರು.

ಎದ್ದು ಹೋಗಿ ಮೊಳೆಯಿಂದ ಫಾರಂ ಬಿಡಿಸಿಕೊಂಡರು.

ಗೀಚಿ ಕೈಲಿದ್ದ ಹಾಳೆ ಕೆಳಗಿಟ್ಟಳು. ಗಡಿಯಾರ ನೋಡಿದಳು. ಅಪ್ಪ ಪೆನ್ನು ಚಾಚುತ್ತಾರೆ ಎಂದು ಕಾದಳು.

ಯಜಮಾನರು ಫಾರಂ ಅನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಕಾಗದ ಗಟ್ಟಿ ಇದೆ," ಎಂದರು. ಮೇಜಿನ ಮೇಲೆ ಹಾಸಿ, ಉಕ್ಕಿನ ಪಟ್ಟಿಯಿಟ್ಟು ಅಳತೆ ಹಾಕಿ, ಚೂರಿಯಿಂದ ಸರ್ ಸರ್ ಎಂದು ನಾಲ್ಕಾಗಿ ಸೀಳಿದರು. ತಮ್ಮ ಸಹಿ ಇದ್ದ ಸೀಳಿಗೆ ಮೊದಲು ಅಂಟು ಸವರಿ, ಸಹಿಯನ್ನು ಒಳಮುಖ ಮಾಡಿ ಪುಸ್ತಕದ ಬೆನ್ನಿಗೆ ಒತ್ತಿದರು.

"ಇದು ಬಿದ್ದೋಗಲ್ಲ," ಎಂದರು ಮಗಳಿಗೆ. "ರಟ್ಟಿನ ಮೇಲೆ ಹೆಸರು ಯಾವ ಕಡೆ ಹೊಡೀಬೇಕು ಅಂತ ಆಮೇಲೆ ತೋರ್ಸು."

ಗೀಚಿ ತಲೆಯಾಡಿಸಿದಳು. ಅಜ್ಜಿ ಚಹಾದ ಲೋಟ ಎತ್ತಿಕೊಂಡು, "ನಾಲ್ಕು ಗಂಟೆ ಆಗೋಕೆ ಇನ್ನೂ ಹೊತ್ತಿದೆ, ಮನಸ್ಸು ಬದಲಾಗೋಕೆ ಮುಂಚೆ ಉಳಿದ ಮೂರೂ ಅಂಟಿಸಿಬಿಡು," ಎಂದರು.

ಯಜಮಾನರು ಮೇಜಿನ ಖಾನೆ ಎಳೆದರು. ದಿಂಬು, ದಾರದ ಉಂಡೆ ತೆಗೆದು ಪರದೆಯ ಪಕ್ಕದ ಜಾಗದಲ್ಲಿಟ್ಟರು. ಹಳೆಯ ಹೊಲಿಗೆ ಬಿಚ್ಚಿದ್ದ ಎರಡನೆಯ ಕಟ್ಟನ್ನು ಅದರ ಮುಂದೆ ತಳ್ಳಿದರು. ಸೂಜಮ್ಮ ಲೋಟದ ತಟ್ಟೆ ಹಿಡಿದೇ ನಿಂತಿದ್ದಳು.

"ನನ್ನ ಬೆರಳು ನೋಡು, ಜರಡಿ ಆಗಿದೆ," ಎಂದರು ಅವಳ ಕಡೆ ನೋಡದೆ. "ಬಂದು ಹೊಲಿ. ಇನ್ನು ಬಾಯಿ ಬಿಟ್ಕೊಂಡು ಹೊಲಿ."

ಅವಳು ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡು ಕೂತಳು. ಸೂಜಿಗೆ ದಾರ ಪೋಣಿಸಿದಳು. ಕಟ್ಟನ್ನು ಹತ್ತಿರ ಎಳೆದುಕೊಂಡವಳು ಸೂಜಿ ಊರಲಿಲ್ಲ.

"ಗೀಚಿ," ಎಂದಳು, "ಇದು ಯಾವ ಕಡೆಯಿಂದ ಅಂತ ಒಂಚೂರು ನೋಡ್ಬಾರೇ."

ಎರಡು ದಿನದಿಂದ ಅಮ್ಮನ ಹತ್ತಿರ ಸುಳಿಯದವಳು ಎದ್ದು ಬಂದಳು. ಹಿಂದೆ ನಿಂತು, ಅಮ್ಮನ ಹೆಗಲ ಮೇಲಿಂದ ಕೈ ಚಾಚಿ, ಬಲಗಡೆಯ ಅಂಚಿನ ಮೇಲೆ ಬೆರಳಿಟ್ಟಳು.

"ಇಲ್ಲಿಂದಮ್ಮ," ಎಂದಳು.